ಏಳನೇ ಕಾಲಂ

ಅನುದಾನದ ಅರ್ಜ್ಯಾಗ ಏಳನೇ ಕಾಲಂ:
'ಉಪಕರಣದ ಅವಶ್ಯಕತೆಯ ಸಮರ್ಥನೆ,
ನೂರು ಪದಗಳಿಗೆ ಮೀರದಂತೆ.'
ಅಗ್ನಿಶಾಮಕ ಠಾಣ್ಯಾಗ ಅಕ್ಷರ ನೆಟ್ಟಗ ಬರೆಯಾವ ನಾನೊಬ್ಬ ಅಂತ
ಸಾಹೇಬರು ಪೆನ್ನು ನನ್ನ ಕೈಗೆ ಕೊಟ್ಟಾರ.
ಹೊರಗ ಕಲಬುರಗಿಯ ಮೇ ತಿಂಗಳ ಬಿಸಲು,
ಗಾಡಿಯ ಬಾನೆಟ್ ಮ್ಯಾಲ ರೊಟ್ಟಿ ಬೇಯ್ತದ.

ಆರನೇದು ತುಂಬೋದು ಹಗುರ ಇತ್ತು.
ಬೇಕಾದದ್ದು: ಹೈಡ್ರಾಲಿಕ್ ಸ್ಪ್ರೆಡರ್ ಒಂದು, ಕಟರ್ ಒಂದು,
ಬ್ಯಾಟರಿ ನಾಕು.
ಸದ್ಯ ಇರೋದು: ಹಾರಿ ಮೂರು, ಕೊಡ್ಲಿ ಎರಡು, ಹಗ್ಗ,
ಜಾಕ್, ಅದೂ ಹಾದು ಹೋಗೋ ಲಾರಿಯವರು ಕೊಟ್ಟರ.

ಸಮರ್ಥನೆ ಅಂದ್ರ ಮಕ್ತುಂ ಪಟೇಲ್.
ಸೇಡಂ ರಸ್ತಾ, ನಸುಕಿನ ನಾಕೂವರಿ,
ಸಿಮೆಂಟ್ ಬಲ್ಕರಿನ ಹಿಂಬದಿಗೆ ಹೊಕ್ಕ ಪಿಕಪ್.
ಟೆಂಟ್ ಹೌಸಿನ ಗಾಡಿ. ರಸ್ತಾ ತುಂಬ ಕೆಂಪು ಕುರ್ಚಿ,
ಕೆಲವು ನೆಟ್ಟಗ ಕಾಲೂರಿ ನಿಂತಿದ್ದವು,
ಯಾರೋ ಬಂದು ಕುಂಡ್ರತಾರ ಅನ್ನೋ ಹಂಗ.

ಡ್ಯಾಶ್‌ಬೋರ್ಡ್ ಸರಿದು ಅವನ ತೊಡಿ ಮ್ಯಾಲ ಕುಂತಿತ್ತು.
ಗ್ಯಾಸ್ ಕಟರ್ ತರ್ತೀನಿ ಅಂದ ವೆಲ್ಡರ್ ಹುಡುಗನಿಗೆ
ಅಣವೀರ ಕೈ ಅಡ್ಡ ಹಿಡದ:
'ಮೊದಲ ನೆಲ ಮೂಸಿ ನೋಡು, ಪೆಟ್ರೋಲು.'
ಹಾರಿ ಹಾಕಿದಿವಿ. ಬಾಗಲ ಬಗ್ಗಿತು, ಬಿಡಲಿಲ್ಲ.
ಹಗ್ಗ ಕಟ್ಟಿ ಟ್ರ್ಯಾಕ್ಟರಿಲೆ ಜಗ್ಗಿಸಿದಿವಿ, ಅವ ಚೀರಿದ,
ನಿಲ್ಲಿಸಿದಿವಿ.
ನಾ ಒಂದು ಕುರ್ಚಿ ಎಳಕೊಂಡು ಕಿಟಕಿಗೆ ಹತ್ತಿ ಕುಂತೆ
ಅವನ ಕೈ ಹಿಡಕೊಂಡು. ಅಷ್ಟ ಕೆಲಸ ನಂದು.
'ಕುರ್ಚಿ ಎಣಸ್ರೀ' ಅಂದ,
'ಎರಡು ನೂರು ಅವ. ಕಮ್ಮಿ ಬಿದ್ರ
ಸೇಠ್ ಪಗಾರದಾಗ ಕಡೀತಾನ.'
ಎಣಿಸಿದೆ. ಟಾರ್ಚ್ ಹಿಡದು, ಜೋರಾಗಿ, ಒಂದೊಂದ.
ತೊಂಬತ್ತರ ಹತ್ರ ತಪ್ಪಿದೆ, ಅವನೇ ತಿದ್ದಿದ.
ಐವತ್ತೆರಡು ಮಿನಿಟ.

ಹೊರಗ ತಗದಾಗ ಉಸರಿತ್ತು.
ನಮ್ಮ ರಜಿಸ್ಟರಿನಾಗ ಬರದಿವಿ: 'ಜೀವಂತ ರಕ್ಷಣೆ, ಒಂದು.'
ಆಸ್ಪತ್ರಿ ಗೇಟಿನಾಗ ಹೋದ.
ಆ ಸಾವು ಅವರ ಪುಸ್ತಕದ್ದು.

ಅರ್ಜಿ ಕಳಿಸಿದ ಎರಡು ತಿಂಗಳಿಗೆ ಆಕ್ಷೇಪಣೆ ಬಂತು,
ಹಸಿರು ಶಾಯಿ:
'ಸದರಿ ಠಾಣೆಯ ದಾಖಲೆಗಳನ್ವಯ
ವಾಹನ ಅಪಘಾತ ರಕ್ಷಣೆಯಲ್ಲಿ ಮೂರು ವರ್ಷಗಳಿಂದ ಜೀವಹಾನಿ ಶೂನ್ಯ.
ಹಾಲಿ ಉಪಕರಣಗಳೇ ಸಾಕಾಗುತ್ತಿರುವಾಗ
ಹೆಚ್ಚುವರಿ ಬೇಡಿಕೆಗೆ ಕಾರಣವೇನು?'
ಅಣವೀರ ಎರಡು ಸಲ ಓದಿಸಿಕೊಂಡ.
ಚಾ ಆರಿ ಕೆನಿ ಕಟ್ಟಿತು.
'ನಾವೇ ಭಾಳ ಛಲೋ ಬರದೀವಿ ಬಿಡು' ಅಂದ.

ರಜಾ ಹಾಕಿ ಆಸ್ಪತ್ರಿಗೆ ಹೋದೆ.
ಅವರ ಪುಸ್ತಕ ಇಸಕೊಂಡು
ಹನ್ನೊಂದು ಹೆಸರು ನಕಲು ಮಾಡಿದೆ,
ಪಕ್ಕದಾಗ ನಮ್ಮ ಮಿನಿಟ:
ನಲವತ್ತು. ಎಪ್ಪತ್ತೊಂದು. ಐವತ್ತೆರಡು.
ಒಂದು ಹೆಸರಿನ ಜಾಗದಾಗ 'ಅಪರಿಚಿತ ಹೆಂಗಸು' ಅಂತಿತ್ತು,
ಆಕಿ ನಮಗ ಹೆಸರು ಹೇಳಿದ್ಲು. ಅದನ್ನೂ ಬರದೆ.
ಪದ ನೂರು ಆಗಲಿಲ್ಲ.

ಮಾರ್ಚ್ ಮೂವತ್ತಕ್ಕ ರೊಕ್ಕ ಬಂತು, ಅರ್ಧ.
ಈ ವರ್ಷ ಸ್ಪ್ರೆಡರ್. ಕಟರ್ ಮುಂದಿನ ವರ್ಷ ನೋಡೋಣ.
ಠಾಣಿ ಅಂಗಳಕ್ಕ ಗುಜರಿ ಕಾರೊಂದು ತರಿಸಿ ಪ್ರದರ್ಶನ.
ತುದಿಯನ್ನ ಬಾಗಲ ಸಂದ್ಯಾಗಿಟ್ಟು ಗುಂಡಿ ಒತ್ತಿದೆ.
ಕಿಡಿ ಇಲ್ಲ, ಬೆಂಕಿ ಇಲ್ಲ,
ಒಣಗಿದ ತೊಗರಿಕಾಯಿ ತಾನ ಬಿಚ್ಚಿಕೊಂಡಂಗ
ಬಾಗಲ ಚಟ್ ಅಂತು.
ಮೈನೋದ್ದೀನ್ ಗಡಿಯಾರ ನೋಡಿ ಕೂಗಿದ:
'ಒಂದೂ ಕಾಲು ಮಿನಿಟ!'
ಮಂದಿ ಚಪ್ಪಾಳಿ ಹೊಡದರು.
ನಾ ಒಳಗ ಬಗ್ಗಿ ನೋಡಿದೆ,
ಸೀಟಿನ ಮ್ಯಾಲ ಗುಬ್ಬಿಯ ಒಣ ಹಿಕ್ಕಿ.

ಗಣ್ಯರು ಎದ್ದು ಹೋದ ಮ್ಯಾಲ
ಟೆಂಟ್ ಹೌಸಿನ ಹುಡುಗರು ಕುರ್ಚಿ ಒಟ್ಟಲಿಕ್ಕ ಬಂದರು,
ಅವೇ ಕೆಂಪು ಕುರ್ಚಿ.
'ಎಷ್ಟು ತಂದಿದ್ರಿ?' ಅಂದೆ.
'ಅರವತ್ತು, ಸರ. ಯಾಕ್ರೀ?'
ಏನಿಲ್ಲ ಅಂದು
ಒಂದರಿಂದ ಸುರು ಮಾಡಿದೆ.